ಕಿವಿಗೆ ತಕ್ಕಂತೆ ಪಾಲಾದ ಹಾರ್ಡ್ ಡಿಸ್ಕ್

ಹುಬ್ಬಳ್ಳಿ-ಧಾರವಾಡದಲ್ಲಿ ಕಂಪ್ಯೂಟರ್ ಕಲಿಸಿದವರು ಬಹಳ ಮಂದಿ. ಒಂದು ಕಾಲಕ್ಕೆ ಹಿಟ್ಟಿನ ಗಿರಣಿಯ ಮಹಡಿಯ ಮೇಲೂ ಒಂದು ತರಬೇತಿ ಕೇಂದ್ರವಿರುತ್ತಿತ್ತು. ಕಲಿತು ಕೆಳಗಿಳಿದವರ ತಲೆಯ ಮೇಲೆ ಜೋಳದ ಹಿಟ್ಟು ಕೂತಿರುತ್ತಿತ್ತು. ಅಲ್ಲಿ ಕಲಿತವರೆಲ್ಲ ಕಂಪ್ಯೂಟರನ್ನು ಕಣ್ಣಿನಿಂದ ಕಲಿತರು. ಅದನ್ನು ಕಿವಿಯಿಂದಲೂ ಕಲಿಸಬಹುದೆಂದು, ಹಾಗೆ ಕಲಿಸುವುದಾದರೆ ಯಂತ್ರದ ಒಳಗಿನ ಜಾಗವನ್ನೇ ಬೇರೆ ರೀತಿಯಲ್ಲಿ ಹಂಚಬೇಕಾಗುತ್ತದೆಂದು ತಾವೇ ಕಂಡುಕೊಂಡು, ಎರಡು ದಶಕಕ್ಕೂ ಮೀರಿ ಆ ಕೆಲಸದಲ್ಲೇ ನಿಂತವರು ಶ್ರೀಮತಿ ಶಾಂಭವಿ ಅಂಗಡಿಯವರು. ನವನಗರದ ಬೆಳಕಿಂಡಿ ಧ್ವನಿ ಗ್ರಂಥಾಲಯದ ಕಂಪ್ಯೂಟರ್ ವಿಭಾಗದಿಂದ ಅವರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ.

ಹುಬ್ಬಳ್ಳಿಯ ಹತ್ತಿ ವ್ಯಾಪಾರದ ಮನೆತನದ ಮಗಳು ಅವರು. ಬೆಳಕಿಂಡಿಗೆ ಸೇರಿದ ಮೊದಲ ವಾರವೇ ತಮ್ಮ ಮೇಜಿನ ಪರದೆಯನ್ನು ಆರಿಸಿ, ಅದರ ಮೇಲೊಂದು ಟವೆಲ್ ಹೊದಿಸಿ ಕುಳಿತರು. ಪರದೆ ಕೆಟ್ಟಿದೆ ಎಂದು ತಿಳಿದ ಆಫೀಸಿನವರು ರಿಪೇರಿಗೆ ಹೇಳಿಕಳಿಸಿದ್ದೂ ಆಯಿತು. ಕಣ್ಣು ಕಾಣುವ ಶಾಂಭವಿಯವರು ಮಾತ್ರ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಪರದೆಯ ಮೇಲಿನದನ್ನು ಓದಿ ಹೇಳುವ ಇಂಗ್ಲಿಷ್ ಯಂತ್ರಧ್ವನಿಯ ಹಿಂದೆ ತಡವರಿಸುತ್ತ ನಡೆಯುವುದನ್ನು ಕಲಿಯುತ್ತಿದ್ದರು. ಮೊದಲ ದಿನ ಒಂದು ಕಡತವನ್ನು ತೆರೆಯುವಷ್ಟರಲ್ಲಿ ಕಣ್ಣಲ್ಲಿ ನೀರು ಬಂದಿತ್ತು. ಕಾಣುವವರು ಒಂದು ನೋಟಕ್ಕೆ ನೂರು ಹೆಸರು ದಾಟುತ್ತಾರೆ. ಕೇಳುವವರು ಒಂದೊಂದನ್ನೂ ಮುಟ್ಟಿ, ಅಲ್ಲವೆಂದು ತಿಳಿದು, ಮುಂದೆ ಸಾಗಬೇಕು. ಈ ವ್ಯತ್ಯಾಸವನ್ನು ಅವರು ಓದಿ ತಿಳಿಯಲಿಲ್ಲ, ಆ ವಾರ ಟವೆಲ್ಲಿನ ಮುಂದೆ ಕುಳಿತು ತಿಳಿದರು.

ಬೆಳಕಿಂಡಿಯ ಕೆಲಸ ಹೊರಗಿನವರಿಗೆ ಸರಳವಾಗಿ ಕಾಣುತ್ತದೆ. ಕಣ್ಣು ಕಾಣದ ವಿದ್ಯಾರ್ಥಿಗಳ ಪಠ್ಯಪುಸ್ತಕಗಳನ್ನು ಯಾರಾದರೂ ಗಟ್ಟಿಯಾಗಿ ಓದಬೇಕು, ಅದು ಧ್ವನಿಮುದ್ರಣವಾಗಬೇಕು, ಹುಡುಗರು ಬಂದು ಕೇಳಬೇಕು. ಓದುವವರಲ್ಲಿ ಮೊದಲಿಗರು ಲಕ್ಷ್ಮೀಬಾಯಿ ಅಕ್ಕಾರು, ಧಾರವಾಡದ ಮಾಳಮಡ್ಡಿಯ ಪ್ರಾಥಮಿಕ ಶಾಲೆಯ ನಿವೃತ್ತ ಶಿಕ್ಷಕಿ. ಬಿಸಿನೀರಿನ ಥರ್ಮಾಸ್ ಹಿಡಿದು ಬಸ್ಸಿನಲ್ಲಿ ಬಂದು, ಸೆರಗು ಬಿಗಿದು, ಇತಿಹಾಸವನ್ನು ಅಡುಗೆಮನೆಯ ಸುದ್ದಿಯ ಹಾಗೆ ಓದುತ್ತಿದ್ದರು. ಕೇಳುವವರಲ್ಲಿ ಮೊದಲಿಗ ಅಮ್ಮಿನಬಾವಿಯ ಹೊಳೆಯಪ್ಪ. ಹುಟ್ಟಿನಿಂದಲೇ ಕಣ್ಣಿಲ್ಲ, ನಾಲಿಗೆಗೆ ಲಗಾಮಿಲ್ಲ. ಸಂಸ್ಥೆಯ ಹೆಸರಿನ ಬಗ್ಗೆ ಒಮ್ಮೆ ಅವನು ಶಾಂಭವಿಯವರಿಗೆ ಹೇಳಿದ್ದುಂಟು: "ಬೆಳಕಿಂಡಿ ಅಂತ ಇಟ್ಟೀರಿ ಮೇಡಂ, ಛಲೋ ಆತು. ನಮಗ ಅದರಿಂದ ಬರೂದು ಗಾಳಿ ಅಷ್ಟ."

"ಗಾಳೀನ ಬೇಕಪಾ ಮೊದ್ಲ," ಎಂದಿದ್ದರು ಶಾಂಭವಿಯವರು. "ಬೆಳಕ ಇರೋ ಮಂದಿ ಎಲ್ಲಾರೂ ಏನ್ ಶಾಣ್ಯಾ ಆಗ್ಯಾರೇನು?"

ಈ ಧ್ವನಿಗಳೆಲ್ಲ ಇದ್ದದ್ದು ಒಂದೇ ಕಂಪ್ಯೂಟರಿನಲ್ಲಿ. ಅದನ್ನು ಜೋಡಿಸಿಕೊಟ್ಟವನು ಹುಬ್ಬಳ್ಳಿಯ ಕಂಪ್ಯೂಟರ್ ಅಂಗಡಿಯ ಮುಜಮ್ಮಿಲ. ಆ ಕಾಲಕ್ಕೆ ದೊಡ್ಡದೇ ಎನ್ನಬೇಕಾದ ಹಾರ್ಡ್ ಡಿಸ್ಕನ್ನು ಅವನು, ಎಲ್ಲ ಗಿರಾಕಿಗಳಿಗೆ ಮಾಡುವಂತೆಯೇ, ಸರಿಸಮ ನಾಲ್ಕು ಪಾಲು ಮಾಡಿ ಕೊಟ್ಟಿದ್ದ. ಹಾರ್ಡ್ ಡಿಸ್ಕ್ ಎಂದರೆ ಕಂಪ್ಯೂಟರಿನ ಉಗ್ರಾಣ. ಅದನ್ನು ಪಾಲು ಮಾಡುವುದೆಂದರೆ ಉಗ್ರಾಣದೊಳಗೆ ಗೋಡೆ ಎಬ್ಬಿಸುವುದು. ಎಬ್ಬಿಸುವುದು ಸುಲಭ. ಚೀಲ ತುಂಬಿದ ಮೇಲೆ ಗೋಡೆ ಸರಿಸುವುದು ಕಷ್ಟ.

"ನಾಲ್ಕ ಯಾಕ ಮಾಡಿದ್ಯೋ?" ಎಂದು ಶಾಂಭವಿಯವರು ಕೇಳಿದಾಗ ಮುಜಮ್ಮಿಲನ ಉತ್ತರ ಸಿದ್ಧವಿತ್ತು.

"ಗಿರಾಕಿ ಎಣಿಸಿ ನೋಡ್ತಾರ್ರಿ ಮೇಡಂ. ಎರಡ ಮಾಡಿಕೊಟ್ರ, ಉಳದ ಎರಡ ನೀ ಇಟಗೊಂಡಿ ಏನಲೇ ಅಂತಾರ."

ನಗು ಬಂದರೂ ಆ ನಾಲ್ಕು ಪಾಲುಗಳು ಮುಂದೆ ಕಾಡಿದವು. ಕಂಪ್ಯೂಟರ್ ನಡೆಯಲು ಬೇಕಾದ ತಂತ್ರಾಂಶವಿದ್ದ ಮೊದಲ ಪಾಲಿನಲ್ಲಿ ಮುಕ್ಕಾಲು ಜಾಗ ಖಾಲಿ ಬಿದ್ದಿತ್ತು; ಯಂತ್ರ ಕೆಟ್ಟಾಗಲೆಲ್ಲ ಅದನ್ನು ಅಳಿಸಿ ಹೊಸದಾಗಿ ತುಂಬಬೇಕಾದ್ದರಿಂದ ಅಲ್ಲಿ ಪುಸ್ತಕ ಇಡುವಂತಿರಲಿಲ್ಲ. ಉಳಿದ ಮೂರೂ ಪಾಲುಗಳು ಧ್ವನಿಗಳಿಂದ ತುಂಬಿ ತುಳುಕಿದವು. ಒಂದೇ ಪುಸ್ತಕದ ಪಾಠಗಳು ಜಾಗ ಸಿಕ್ಕಲ್ಲಿ ಸೇರಿಕೊಂಡು ಮೂರು ಕಡೆ ಚದುರಿದವು. ಕಾಣುವವರಿಗೆ ಅದು ತುಸು ಕಿರಿಕಿರಿ, ಅಷ್ಟೆ. ಹೊಳೆಯಪ್ಪನಿಗೆ ಮೂರು ಊರು ತಿರುಗಿದಂತೆ. ಮುಂದಿನ ಪಾಠ ಹುಡುಕುವುದರಲ್ಲೇ ಅವನ ಮಧ್ಯಾಹ್ನ ಮುಗಿಯುತ್ತಿತ್ತು.

ಅವನು ಬಿ.ಎ. ಕೊನೆಯ ವರ್ಷದಲ್ಲಿದ್ದಾಗ ಎರಡು ಸಂಗತಿಗಳು ಒಟ್ಟಿಗೆ ಬಂದವು. ಲಕ್ಷ್ಮೀಬಾಯಿ ಅಕ್ಕಾರಿಗೆ ಗಂಟಲಿನ ಶಸ್ತ್ರಚಿಕಿತ್ಸೆಯಾಯಿತು. ಜೀವ ಉಳಿಯಿತು, ಧ್ವನಿ ಉಳಿಯಲಿಲ್ಲ. ಅದೇ ವಾರ ಧ್ವನಿಗಳಿಗಿದ್ದ ಮೂರೂ ಪಾಲುಗಳಲ್ಲಿ ಜಾಗ ಮುಗಿಯಿತು. ಪರೀಕ್ಷೆ ಹತ್ತಿರದಲ್ಲಿತ್ತು. ಅರ್ಥಶಾಸ್ತ್ರದ ಪಾಠಗಳನ್ನು ಓದಲು ಕಾಲೇಜಿನ ಇಬ್ಬರು ಹುಡುಗಿಯರು ಒಪ್ಪಿದ್ದರು, ಓದಿದ್ದನ್ನು ಇಡಲು ಜಾಗವಿರಲಿಲ್ಲ. ಜಾಗ ಮಾಡಬೇಕೆಂದರೆ ಗೋಡೆಗಳನ್ನು ಕೆಡವಬೇಕು. ಗೋಡೆ ಕೆಡವಿದರೆ ಆ ಪಾಲುಗಳಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ. ಇದ್ದದ್ದರಲ್ಲಿ ಬಹುಪಾಲು ಅಕ್ಕಾರ ಧ್ವನಿ. ಅದನ್ನು ಇನ್ನೊಮ್ಮೆ ಓದಿಸುವುದು ಸಾಧ್ಯವಿರಲಿಲ್ಲ.

ಸುಮ್ಮನೆ ಬಿಡಿ ಎಂದವರಿದ್ದರು. ಒಬ್ಬನ ಪರೀಕ್ಷೆಗಾಗಿ ಎಲ್ಲರ ಪುಸ್ತಕಗಳನ್ನು ಪಣಕ್ಕಿಡುವುದೇ ಎಂಬ ಅವರ ಮಾತು ಅನ್ಯಾಯದ್ದೇನೂ ಆಗಿರಲಿಲ್ಲ. ಶಾಂಭವಿಯವರು ಎರಡು ದಿನ ಕುಳಿತು ಡಿಸ್ಕಿನಲ್ಲಿದ್ದ ಪಾಠಗಳ ಪಟ್ಟಿ ಮಾಡಿದರು. ಮೂರನೆಯ ದಿನ ಹುಬ್ಬಳ್ಳಿಗೆ ಹೋಗಿ ಮುಜಮ್ಮಿಲನ ಅಂಗಡಿಯ ಮುಂದೆ ನಿಂತು, ಒಂದು ದಿನದ ಮಟ್ಟಿಗೆ ಒಂದು ಹೊಸ ಡಿಸ್ಕ್ ಕೊಡು ಎಂದು ಕೇಳಿದರು.

"ನಾಳಿ ಗಿರಾಕಿಗೆ ಕೊಡೂದೈತ್ರಿ ಮೇಡಂ."

"ನಾಳೀನ ಕೊಡು. ಇವತ್ತ ನನಗ ಕೊಡು."

ಮುಜಮ್ಮಿಲ ಡಿಸ್ಕಿನ ಜತೆಗೆ ತಾನೂ ನವನಗರಕ್ಕೆ ಬಂದ. ಡಿಸ್ಕಿನ ಮೇಲಿನ ಕಾಳಜಿಯೋ ಮೇಡಂ ಮೇಲಿನ ಕಾಳಜಿಯೋ ಹೇಳಲಾಗದು. ಅಂದೇ ಬೆಳಿಗ್ಗೆ ನಕಲು ಶುರುವಾಯಿತು. ನಡುವೆ ಒಮ್ಮೆ ಕರೆಂಟ್ ಹೋಯಿತು, ಯುಪಿಎಸ್ ನಾಲ್ಕು ಸಲ ಕೂಗಿ ಸತ್ತಿತು. ಕರೆಂಟ್ ಬಂದ ಮೇಲೆ ಮುಜಮ್ಮಿಲ, ಆಗಲೇ ಬಂದಿರುವ ಕಡತಗಳನ್ನು ಬಿಟ್ಟು ಉಳಿದವನ್ನು ತರುವಂತೆ ಯಂತ್ರಕ್ಕೆ ಹೇಳಿ ಚಹಾ ಕುಡಿದು ಬಂದ. ಊಟದ ಹೊತ್ತಿಗೆ ಎಲ್ಲವೂ ಬಂದಿತ್ತು. ಶಾಂಭವಿಯವರು ಹೆಸರುಗಳನ್ನು ತಾಳೆ ನೋಡಿದರು, ಸರಿಯಿತ್ತು. ಗಾತ್ರಗಳನ್ನು ತಾಳೆ ನೋಡಿದರು, ಅದೂ ಸರಿಯಿತ್ತು. ಹಳೆಯ ಪಾಲುಗಳನ್ನು ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟವರು, ಬೆರಳನ್ನು ಹಿಂದಕ್ಕೆ ತೆಗೆದುಕೊಂಡರು.

"ಎಲ್ಲಾ ಸರಿ ಅದಾವಲ್ರಿ, ಒತ್ರಿ ಲಗೂ," ಎಂದ ಮುಜಮ್ಮಿಲ.

"ನಾ ನೋಡೇನಿ. ಯಾರೂ ಇನ್ನೂ ಕೇಳಿಲ್ಲ."

"ಇಷ್ಟೂ ಕೇಳ್ಕೋತ ಕುಂತ್ರ ದೀಪಾವಳಿ ಬರ್ತೈತ್ರಿ ಮೇಡಂ!"

"ಬರಲಿ. ಕರದಂಟ ಕೊಡಸ್ತೇನಿ."

ಹಾಸ್ಟೆಲಿನಿಂದ ಕಣ್ಣು ಕಾಣದ ಹುಡುಗರನ್ನು ಕರೆಸಿದರು. ಇದ್ದಬದ್ದ ಕಂಪ್ಯೂಟರ್‌ಗಳಿಗೆಲ್ಲ ಹೊಸ ಡಿಸ್ಕಿನ ದಾರಿ ಜೋಡಿಸಿ, ಒಬ್ಬೊಬ್ಬರಿಗೆ ಒಂದೊಂದು ವಿಷಯ ಹಂಚಿದರು. ಪ್ರತಿಯೊಂದು ಪಾಠದ ಮೊದಲು, ನಡುವು, ಕೊನೆ ಕೇಳಬೇಕು. ಅನುಮಾನ ಬಂದಲ್ಲಿ ಕೈಯೆತ್ತಬೇಕು. ಸಾಲಾಗಿ ಕುಳಿತ ಆ ಹುಡುಗರ ಮುಖಗಳನ್ನು ಶಾಂಭವಿಯವರು ಇಂದಿಗೂ ಮರೆತಿಲ್ಲ. ಒಬ್ಬ ತನ್ನಷ್ಟಕ್ಕೆ ತುಟಿ ಆಡಿಸುತ್ತಿದ್ದ, ಇನ್ನೊಬ್ಬ ನಗುತ್ತಿದ್ದ. ಮಧ್ಯಾಹ್ನದ ಬಿಸಿಲು ಗೋಡೆಯ ಮೇಲೆ ಅರ್ಧ ಇಳಿದಾಗ ಹೊಳೆಯಪ್ಪ ಕೈಯೆತ್ತಿದ.

"ಇಲ್ಲೆ ಅಕ್ಕಾರು ಕೆಮ್ಮಬೇಕಾಗಿತ್ರಿ."

"ಎಲ್ಲೆ?"

"ಪೇಶ್ವೆ ಎರಡನೇ ಬಾಜೀರಾಯ ಬಿಠೂರಿಗೆ ಹೋಗ್ತಾನಲ್ರಿ, ಅಲ್ಲೆ ಕೆಮ್ಮಿ ನೀರ ಕುಡೀತಾರ. ಥರ್ಮಾಸಿನ ಮುಚ್ಚಳ ಸಪ್ಪಳ ಆಕ್ಕೈತಿ. ಇದರಾಗ ಅವನೂ ಹೋಗಿಲ್ಲ, ಇವರೂ ಕೆಮ್ಮಿಲ್ಲ. ಸುಮ್ಮನ ಐತಿ."

ಶಾಂಭವಿಯವರು ಹೆಡ್‌ಫೋನ್ ಇಸಿದುಕೊಂಡು ಕೇಳಿದರು. ಅಲ್ಲಿಂದ ಮುಂದೆ ಪಾಠದ ಕೊನೆಯವರೆಗೂ ಮೌನ. ಕರೆಂಟ್ ಹೋದ ಗಳಿಗೆಯಲ್ಲಿ ನಕಲಾಗುತ್ತಿದ್ದ ಕಡತ ಅದು. ಯಂತ್ರ ಅದರ ಪೂರ್ತಿ ಜಾಗವನ್ನು ಮೊದಲೇ ಹಿಡಿದಿಟ್ಟುಕೊಂಡಿತ್ತು, ತುಂಬಿದ್ದು ಅರ್ಧ ಮಾತ್ರ. ಹೆಸರೂ ಇತ್ತು, ಗಾತ್ರವೂ ಇತ್ತು, ಅಕ್ಕಾರು ಇರಲಿಲ್ಲ. ಮುಜಮ್ಮಿಲ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. ಮೂಲ ಇನ್ನೂ ಅಳಿಸಿರಲಿಲ್ಲವಾದ್ದರಿಂದ ಆ ಪಾಠವನ್ನು ಮತ್ತೊಮ್ಮೆ ತಂದರು. ಹೊಳೆಯಪ್ಪ ಅದನ್ನು ಪೂರ್ತಿ ಕೇಳಿ, ಕೆಮ್ಮು ಬಂದಾಗ ತಾನೂ ಗಂಟಲು ಸರಿಮಾಡಿಕೊಂಡು, "ಈಗ ಒತ್ರಿ," ಎಂದ. ಶಾಂಭವಿಯವರು ಅವನ ಬೆರಳನ್ನೇ ಹಿಡಿದು ಗುಂಡಿಯ ಮೇಲಿಟ್ಟರು.

ರಾತ್ರಿಯೊಳಗೆ ಹೊಸ ಗೋಡೆಗಳೆದ್ದವು, ಪಾಠಗಳೆಲ್ಲ ಹಳೆಯ ಡಿಸ್ಕಿಗೆ ಮರಳಿದವು, ಹುಡುಗರು ಮತ್ತೆ ಕೇಳಿ ಒಪ್ಪಿದ ಮೇಲೆ ಮುಜಮ್ಮಿಲ ತನ್ನ ಡಿಸ್ಕ್ ಒಯ್ದ. ಅಂದು ಶಾಂಭವಿಯವರು ಮಾಡಿದ ಪಾಲು ಇಂದಿಗೂ ಬೆಳಕಿಂಡಿಯ ಪದ್ಧತಿ. ತಂತ್ರಾಂಶಕ್ಕೆ ಸಣ್ಣದೊಂದು ಪಾಲು, ಆದರೆ ಉಸಿರು ಕಟ್ಟುವಷ್ಟು ಸಣ್ಣದಲ್ಲ; ಕಂಪ್ಯೂಟರ್ ಕೆಟ್ಟು ಹೊಸದಾಗಿ ತುಂಬಬೇಕಾದರೆ ಅಷ್ಟನ್ನೇ ತೊಳೆದು ತುಂಬಬಹುದು, ಪುಸ್ತಕಗಳ ಸುದ್ದಿಗೆ ಹೋಗಬೇಕಿಲ್ಲ. ಅಂದಂದಿನ ಧ್ವನಿಮುದ್ರಣಕ್ಕೆ ಬೇರೆಯದೇ ಒಂದು ಪಾಲು. ಅಲ್ಲಿ ತಪ್ಪಬಹುದು, ಅಳಿಸಬಹುದು. ಉಳಿದದ್ದೆಲ್ಲ ಗೋಡೆಯಿಲ್ಲದ ಒಂದೇ ದೊಡ್ಡ ಪಾಲು, ಓದಿ ತಿದ್ದಿ ಮುಗಿದ ಪುಸ್ತಕಗಳಿಗೆ. ಹೆಸರುಗಳನ್ನೂ ಕಿವಿಗಾಗಿಯೇ ಆರಿಸಿದರು: ಮುಟ್ಟಬ್ಯಾಡ, ಕಚ್ಚಾ, ಪುಸ್ತಕ. ಒಂದೊಂದರ ಮೊದಲಕ್ಷರ ಬೇರೆ, ಆ ಅಕ್ಷರ ಒತ್ತಿದರೆ ನೇರ ಅಲ್ಲಿಗೇ ಹೋಗಿ ನಿಲ್ಲಬಹುದು. ಇಂಗ್ಲಿಷ್ ಯಂತ್ರಧ್ವನಿ "ಮುಟ್ಟಬ್ಯಾಡ" ಎನ್ನಲು ಪಟ್ಟ ಪಾಡಿಗೆ ಹುಡುಗರು ವಾರವಿಡೀ ನಕ್ಕರು. ಇಂಗ್ಲಿಷ್ ದೊರೆಗೂ ನಮ್ಮ ಭಾಷೆ ಕಲಿಸಿದಿರಿ ಎಂದು ಶಾಂಭವಿಯವರಿಗೆ ಶಹಬ್ಬಾಸ್ ಕೊಟ್ಟರು.

ಪಾಲು ಮಾಡಿದ್ದೇ ಭದ್ರತೆ ಎಂದು ತಿಳಿಯುವವರಿಗೆ ಅವರು ಇಷ್ಟೂ ವರ್ಷ ಹೇಳಿಕೊಂಡು ಬಂದದ್ದು ಒಂದೇ ಮಾತು: "ಒಂದ ಮನ್ಯಾಗ ಎಷ್ಟರ ಖೋಲಿ ಕಟ್ರಿ, ಮನಿಗೆ ಬೆಂಕಿ ಹತ್ತಿದ್ರ ಎಲ್ಲಾ ಸುಡ್ತಾವ. ಇನ್ನೊಂದ ಪ್ರತಿ ಇನ್ನೊಂದ ಮನ್ಯಾಗ ಇರಲಿ." ಆ ಇನ್ನೊಂದು ಮನೆಗಾಗಿ ಎರಡು ವರ್ಷ ಆಡಳಿತ ಮಂಡಳಿಯ ಬೆನ್ನು ಹತ್ತಿ ಎರಡನೆಯ ಡಿಸ್ಕನ್ನು ತರಿಸಿದರು. ಅದಿರುವುದು ಧಾರವಾಡದಲ್ಲಿ, ಬೇರೊಂದು ಕಟ್ಟಡದಲ್ಲಿ. ಈಗಿನ ಡಿಸ್ಕುಗಳು ಹೊಲದಷ್ಟು ದೊಡ್ಡವು, ಇನ್ನು ಪಾಲೇಕೆ ಎಂದು ಹೊಸಬರು ಕೇಳಿದರೆ ಅವರು ಸಿಟ್ಟಾಗುವುದಿಲ್ಲ. ಯಾರು ಬಳಸುತ್ತಾರೆ, ಏನು ಇಡುತ್ತಾರೆ, ಯಾವುದು ಹೋದರೆ ಮರಳಿ ಬರುವುದಿಲ್ಲ ಎಂದು ತಿರುಗಿ ಕೇಳುತ್ತಾರೆ. ಉತ್ತರ ಬಂದ ಮೇಲೆ ಗೋಡೆ ಬೇಕೋ ಬೇಡವೋ ಎಂಬುದು ಕೇಳಿದವರಿಗೇ ತಿಳಿದಿರುತ್ತದೆ.

ಹೊಳೆಯಪ್ಪ ಆ ವರ್ಷ ಪಾಸಾದ. ಫಲಿತಾಂಶದ ದಿನ ಲಕ್ಷ್ಮೀಬಾಯಿ ಅಕ್ಕಾರು ಬೆಳಕಿಂಡಿಗೆ ಬಂದಿದ್ದರು. ಶಾಂಭವಿಯವರು ಅವರನ್ನು ಕೂರಿಸಿ, ಕಿವಿಗೆ ಹೆಡ್‌ಫೋನ್ ಇಟ್ಟು, ಅವರದೇ ಇತಿಹಾಸವನ್ನು ಕೇಳಿಸಿದರು. ಅಕ್ಕಾರು ತುಸು ಹೊತ್ತು ಕೇಳಿ, ಒಂದು ಕಡೆ ಹುಬ್ಬು ಗಂಟಿಕ್ಕಿ, ಮೇಜಿನ ಮೇಲೆ ಬೆರಳಿನಿಂದ ಬರೆದು ತೋರಿಸಿದರು: ಇಸವಿ ತಪ್ಪು ಓದೇನಿ. ಅವರು ಹೋದ ಮೇಲೆ ಆ ತಪ್ಪನ್ನು ತಿದ್ದುವ ಮಾತು ಬಂತು. ಶಾಂಭವಿಯವರು ಅಕ್ಕಾರ ಧ್ವನಿಯನ್ನು ಮುಟ್ಟಲಿಲ್ಲ. ಪಾಠದ ಕೊನೆಗೆ ಸರಿಯಾದ ಇಸವಿಯನ್ನು ಹೊಳೆಯಪ್ಪನಿಂದ ಹೇಳಿಸಿದರು. ಅವನು ಮೈಕಿನ ಮುಂದೆ ಕುಳಿತದ್ದು ಅದೇ ಮೊದಲು. ಇಂದು ಬೆಳಕಿಂಡಿಯ ಧ್ವನಿಮುದ್ರಣ ಕೋಣೆ ಅವನ ವಶದಲ್ಲಿದೆ.

ಇಷ್ಟು ವರ್ಷ ಬೇರೆಯವರ ಧ್ವನಿಗೆ ಜಾಗ ಮಾಡಿಕೊಟ್ಟ ಶಾಂಭವಿಯವರು ತಾವು ಒಂದು ಪುಟವನ್ನೂ ಓದಿ ಧ್ವನಿಮುದ್ರಿಸಿದವರಲ್ಲ. ತಮ್ಮ ಮಾತು ಹತ್ತಿ ಪೇಟೆಯ ಹರಾಜಿನ ಸವಾಲಿನಂತೆ ಓಡುತ್ತದೆ, ಅದನ್ನು ಯಾವ ಹುಡುಗನೂ ಹಿಡಿಯಲಾರ ಎಂಬುದು ಅವರ ನೆಪ. ನಿವೃತ್ತಿಯ ಮಾತು ಬಂದ ಮೇಲೆ ಹುಡುಗರೇ ಪಟ್ಟು ಹಿಡಿದರು. ಓದುವವರು ಕಡಿಮೆಯಾಗಿದ್ದಾರೆ, ಹೊಸ ಪಠ್ಯಗಳು ರಾಶಿ ಬಿದ್ದಿವೆ, ಮೇಡಂ ಮನೆಯಲ್ಲಿ ಕುಳಿತು ಮಾಡುವುದೇನು? ಹೋದ ವಾರ ಅವರು ಮೈಕಿನ ಮುಂದೆ ಕುಳಿತರು. ಮೊದಲ ಪುಟವನ್ನು ಒಂದೇ ಉಸಿರಿನಲ್ಲಿ ಮುಗಿಸಿ, ಗಾಜಿನ ಆಚೆ ಕುಳಿತ ಹೊಳೆಯಪ್ಪನತ್ತ ನೋಡಿದರು. ಅವರ ಆಯುಷ್ಯ, ಆರೋಗ್ಯ, ಮುಂದಿನ ಕೆಲಸಗಳ ಕುರಿತು ಈ ಅಭಿನಂದನ ಸಂಪುಟದಲ್ಲಿ ಹಲವರು ಹಾರೈಸಿದ್ದಾರೆ. ಆ ಹಾರೈಕೆಗಳ ಜತೆಗೆ, ಹೊಳೆಯಪ್ಪ ಅಂದು ಸ್ಪೀಕರಿನಲ್ಲಿ ಹೇಳಿದ ಮಾತೂ ಇಲ್ಲಿ ಸೇರಿಕೊಳ್ಳಲಿ:

"ಸಾವಕಾಶ ಓದ್ರಿ ಮೇಡಂ. ಪುಸ್ತಕ ಭಾಳ ಅದಾವ, ನಮಗೇನ ಅವಸರಿಲ್ಲ."