ಬಾಳೆಮೀನೋ ಕೊರಮೀನೋ

ಮಳೆ ಬಂದು ನಿಂತ ಸಂಜೆ ಚಿತ್ರದುರ್ಗದ ಪೇಟೆಬೀದಿಯಲ್ಲಿ ದನದ ಮೇವು ಮಾರುವ ಅಂಗಡಿಯೊಂದರ ಮುಂದೆ ಹಾದುಹೋಗುವಾಗ ನೆನೆದ ಶೇಂಗಾ ಹಿಂಡಿಯ ವಾಸನೆ ಮೂಗಿಗೆ ಬಡಿಯುತ್ತದೆ. ಒಣ ಹಿಂಡಿಗೆ ಅಷ್ಟು ವಾಸನೆಯಿಲ್ಲ. ನೀರು ಬಿದ್ದರೆ ಮಾತ್ರ ಅದು ಎಣ್ಣೆ, ಮಣ್ಣು, ಸ್ವಲ್ಪ ಹುಳಿ ಎಲ್ಲ ಸೇರಿದ ಒಂದು ದಪ್ಪ ವಾಸನೆಯಾಗಿ ಎದ್ದು ನಿಲ್ಲುತ್ತದೆ. ನನ್ನ ಕೈಯಲ್ಲಿ ತರಕಾರಿ ಚೀಲ, ಕಾಲಲ್ಲಿ ಮಂಡಿನೋವು, ಮನೆಗೆ ಹೋಗಿ ಅಡಿಗೆ ಮಾಡಬೇಕೆಂಬ ಬೇಸರ. ನಿಲ್ಲಲು ಪುರುಸೊತ್ತಿಲ್ಲ. ಆದರೂ ನಿಲ್ಲುತ್ತೇನೆ. ಅಂಗಡಿಯವನು ಏನು ಬೇಕಮ್ಮ ಎಂದು ಕೇಳುತ್ತಾನೆ, ಏನೂ ಬೇಡ ಎನ್ನುತ್ತೇನೆ. ದನವಿಲ್ಲದ ಈ ಹೆಂಗಸು ವಾರಕ್ಕೊಮ್ಮೆ ಬಂದು ಹಿಂಡಿ ಮೂಸಿ ಹೋಗುತ್ತಾಳೆಂದು ಅವನು ಮನೆಯಲ್ಲಿ ಹೇಳಿ ನಕ್ಕಿರಲೂಬಹುದು, ನಗಲಿ ಬಿಡಿ.

ನಮ್ಮೂರು ಹೊಸದುರ್ಗದ ಕಡೆ, ಮಾರಿಕಣಿವೆ ಡ್ಯಾಮಿನ ಹಿನ್ನೀರಿನ ಅಂಚಿಗೆ. ಕುರಿ ಸಾಕುವ ಮನೆ ನಮ್ಮದು. ಅಪ್ಪ, ಅಪ್ಪನ ಅಣ್ಣ ಅಂದರೆ ನಮ್ಮ ದೊಡ್ಡಪ್ಪ, ದೊಡ್ಡಮ್ಮ, ಅಮ್ಮ, ಅಜ್ಜಿ, ನಾವೊಂದಿಷ್ಟು ಮಕ್ಕಳು ಎಲ್ಲ ಒಂದೇ ಸೂರಿನಡಿ. ಮನೆಯ ಪಕ್ಕದಲ್ಲೇ ಕುರಿರೊಪ್ಪ ಇದ್ದುದರಿಂದ ನಮ್ಮ ಬಟ್ಟೆ, ಹಾಸಿಗೆ, ಕೊನೆಗೆ ನಮ್ಮ ಶಾಲೆಯ ಪುಸ್ತಕ ಕೂಡ ಕುರಿ ನಾರುತ್ತಿದ್ದವು. ಅದರ ಮೇಲೆ ಈ ಹಿಂಡಿ. ಬೆಳಿಗ್ಗೆ ಎದ್ದರೆ ಹಿತ್ತಲ ಬಾಗಿಲ ಬಳಿ ಒಂದು ಹಳೆಯ ಡಬ್ಬಿಯಲ್ಲಿ ಹಿಂಡಿ ನೆನೆದಿರುತ್ತಿತ್ತು. ಅದನ್ನು ರಾಗಿಹಿಟ್ಟಿನ ಜೊತೆ ಉಂಡೆ ಕಟ್ಟಿ ನೀರಿಗೆ ಎಸೆದರೆ ಸಣ್ಣ ಮೀನುಗಳು ಮುತ್ತಿಕೊಳ್ಳುತ್ತವೆ. ಆ ಸಣ್ಣದನ್ನು ಹಿಡಿದು ಜೀವಂತವಾಗಿಯೇ ಗಾಳಕ್ಕೆ ಸಿಕ್ಕಿಸಿದರೆ ದೊಡ್ಡದು ಬರುತ್ತದೆ. ಕುರಿಗಳನ್ನು ದಡದ ಹುಲ್ಲಿಗೆ ಬಿಟ್ಟು ಅಣ್ಣತಮ್ಮ ಇಬ್ಬರೂ ಗಾಳ ಹಾಕಿ ಕೂತರೆಂದರೆ ಮನೆ ಮಠ ಏನೂ ನೆನಪಿರುತ್ತಿರಲಿಲ್ಲ. ಕುರಿ ಯಾರದೋ ಹೊಲಕ್ಕೆ ನುಗ್ಗಿ, ಹೊಲದವರು ಬಂದು ಬೈದಾಗಲೇ ಏಳುತ್ತಿದ್ದರು.

ಅಜ್ಜಿ ಮೀನನ್ನು ಮನೆಯೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ದೇವರ ಗೂಡಿರುವ ಮನೆಯಲ್ಲಿ ಕುರಿ ಬೇಯಿಸಬಹುದು, ಮೀನು ಕೂಡದು ಎಂಬುದು ಅವಳ ಕಾನೂನು. ಅದಕ್ಕೆ ಕಾರಣ ಕೇಳಿದವರಿಗೆ ಅವಳು ಉತ್ತರ ಕೊಟ್ಟಿದ್ದನ್ನು ನಾನು ಕೇಳಿಲ್ಲ. ಹಿತ್ತಲ ಹೊಂಗೆಮರದ ಕೆಳಗೆ ಮೂರು ಕಲ್ಲಿನ ಒಲೆ, ಅದಕ್ಕೇ ಮೀಸಲಾದ ಒಂದು ಮಣ್ಣಿನ ಗಡಿಗೆ. ಹುಣಸೆಹುಳಿ ಕುದಿಯುವಾಗ ಅಣ್ಣತಮ್ಮ ಅಲ್ಲೇ ಕುಕ್ಕರಗಾಲಲ್ಲಿ ಕೂತು, ಯಾವ ಮೀನು ಹೆಚ್ಚು ಎಳೆಯುತ್ತದೆ ಎಂಬ ಒಂದೇ ಜಗಳವನ್ನು ಮತ್ತೆ ಶುರುಮಾಡುತ್ತಿದ್ದರು. ಅಪ್ಪನದು ಕೊರಮೀನು. ಹಾವಿನ ತಲೆಯ, ಕಪ್ಪು ಬೆನ್ನಿನ ಮೀನು ಅದು. ಕಚ್ಚಿದ್ದು ಗೊತ್ತಾಗುವಷ್ಟರಲ್ಲಿ ಜೊಂಡಿನೊಳಗೆ ನುಗ್ಗುತ್ತದೆ, ಸತ್ತಂತೆ ಸುಮ್ಮನಾಗುತ್ತದೆ, ದಡಕ್ಕೆ ಬಂತೆಂದು ಕೈ ಚಾಚಿದರೆ ಇನ್ನೊಮ್ಮೆ ಟಗರಿನ ಹಾಗೆ ಗುಮ್ಮುತ್ತದೆ. ದೊಡ್ಡಪ್ಪನದು ಬಾಳೆಮೀನು. ಆಳುದ್ದ ಬೆಳೆಯುವ, ಬಾಯಿ ಬಿಟ್ಟರೆ ದವಡೆಯ ತುಂಬ ಹಲ್ಲಿರುವ, ಹೊಳೆಯುವ ಬಿಳಿ ಮೈಯ ಮೀನು. ಅದು ಒದ್ದಾಡುವುದಿಲ್ಲ, ಒಂದೇ ಸಮ ಎಳೆದುಕೊಂಡು ನಡುನೀರಿಗೆ ಹೋಗುತ್ತದೆ. ನಿನ್ನ ಕೊರಮೀನು ಹಟ ಮಾಡುವ ಮಗು ಕಣಲೇ ಎಂದು ದೊಡ್ಡಪ್ಪ ರೇಗಿಸುವನು. ದೊಡ್ಡಪ್ಪನ ಬಾಯಲ್ಲಿ ತಮ್ಮನಿಗೆ ಹೇಳುವ ಮಾತು ‘ಲೇ’ ಇಲ್ಲದೆ ಮುಗಿಯುತ್ತಿರಲಿಲ್ಲ. ಗೆಂಡೆ ಕಾಟ್ಲಾಗಳ ಹೆಸರನ್ನು ಯಾರಾದರೂ ಎತ್ತಿದರೆ ಇಬ್ಬರೂ ಒಂದಾಗಿ ಅವರನ್ನು ಓಡಿಸುತ್ತಿದ್ದರು. ಗಂಟಲಿಗೆ ಮುಳ್ಳು ಸಿಕ್ಕಿಸಿ ಎಳೆದಾಡಿಸುವುದೇ ಎಲ್ಲಕ್ಕಿಂತ ಗಟ್ಟಿ ಮೀನು ಎಂದು ಅಜ್ಜಿ ಜಗಲಿಯಿಂದಲೇ ತೀರ್ಪು ಕೊಡುವಳು. ನಿಮ್ಮ ಮನೆಯಲ್ಲೂ ಇಂಥದೊಂದು ಮುಗಿಯದ ಜಗಳ ಇದ್ದಿರಬೇಕು. ಇದ್ದಾಗ ತಲೆನೋವು, ಇಲ್ಲದಾಗ ಮನೆಯೇ ಬಿಕೋ ಎನ್ನುವಂಥದ್ದು.

ಒಂದು ವರ್ಷ ಬೇಸಿಗೆಗೆ ಹಿನ್ನೀರು ಬಹಳ ಹಿಂದಕ್ಕೆ ಸರಿದಿತ್ತು. ನೀರು ಬಿಟ್ಟುಹೋದ ಜಾಗದಲ್ಲಿ ಹೂಳು, ನಡುನಡುವೆ ಇಟ್ಟಿಗೆಯವರು ಮಣ್ಣು ತೆಗೆದು ಬಿಟ್ಟ ಗುಂಡಿಗಳು. ದೊಡ್ಡಪ್ಪ ಬಾಳೆಮೀನಿಗೆ ಕೋಲು ಬಳಸುತ್ತಿರಲಿಲ್ಲ. ತಂಗೂಸಿ ಎನ್ನುವ ದಪ್ಪ ನೈಲಾನ್ ದಾರವನ್ನು ಕೈಯಿಂದಲೇ ಬೀಸಿ ಎಸೆದು, ಅದರ ಇನ್ನೊಂದು ತುದಿಯನ್ನು ತನ್ನ ಸೊಂಟದ ಉಡಿದಾರಕ್ಕೆ ಗಂಟು ಹಾಕಿ ಕೂರುವನು. ಎರಡೂ ಕೈ ಖಾಲಿ ಇದ್ದರೆ ಬೀಡಿ ಹಚ್ಚಬಹುದು, ಕಂಬಳಿಯ ದಾರ ನೂಲಬಹುದು, ಮೀನು ಕಚ್ಚಿದರೆ ಹೊಟ್ಟೆಗೇ ಗೊತ್ತಾಗುತ್ತದೆ ಎನ್ನುವನು. ನಮ್ಮ ಕಡೆ ಕುರಿಯವರಲ್ಲಿ ಹೀಗೆ ಮಾಡುವವರು ಬೇರೆಯವರೂ ಇದ್ದರು. ಅದು ತಪ್ಪೆಂದು ಯಾರಿಗೂ ಹೊಳೆದಿರಲಿಲ್ಲ.

ಒಂದು ದಿನ ನಾನು ದಡದ ಮೇಲೆ ಮರಿಗಳಿಗೆ ಹುಲ್ಲು ಕೊಯ್ಯುತ್ತಿದ್ದೆ. ದೊಡ್ಡಪ್ಪ ಒಮ್ಮೆಗೇ ಎದ್ದು ನಿಂತಿದ್ದನ್ನು ಕಂಡೆ. ಎದ್ದವನು ನಗುತ್ತಲೇ ಇದ್ದ. ತಮ್ಮನನ್ನು ಕೂಗಿ, ನೋಡು ಬಾರಲೇ, ಇದು ನಿನ್ನ ಕೊರಮೀನಲ್ಲ ಎಂದ. ದಾರ ಹಿಡಿದು ಹಿಂದಕ್ಕೆ ವಾಲಿದ, ಜಾರಿದ, ಮೊಣಕಾಲುದ್ದ ನೀರಿಗಿಳಿದ. ಆಗಲೂ ನಗು ಹೋಗಿರಲಿಲ್ಲ. ಇನ್ನೊಂದು ಹೆಜ್ಜೆಗೆ ಇಟ್ಟಿಗೆಯ ಗುಂಡಿ ಸಿಕ್ಕಿತು. ಕಾಲು ಹೂಳಿನಲ್ಲಿ ಹೂತು ಎದೆಯವರೆಗೂ ಇಳಿದ. ಮೀನು ಎಳೆಯುತ್ತಲೇ ಇತ್ತು. ಅಪ್ಪ ನನ್ನ ಕೈಯಿಂದ ಕುಡುಗೋಲು ಕಿತ್ತುಕೊಂಡು ಓಡಿದ. ಬಗ್ಗಡ ನೀರಿನಲ್ಲಿ ದಾರ ಎಲ್ಲಿದೆಯೆಂದು ಕಾಣುವುದಾದರೂ ಹೇಗೆ? ಅಣ್ಣನ ಗಲ್ಲಕ್ಕೆ ನೀರು ಮುಟ್ಟಿತ್ತು. ಅಪ್ಪ ನೀರಿನೊಳಗೆ ಕೈ ಆಡಿಸಿ, ಕೈಗೆ ದಪ್ಪಗೆ ಸಿಕ್ಕಿದ್ದಕ್ಕೆ ಕುಡುಗೋಲು ಹಾಕಿ ಎಳೆದುಬಿಟ್ಟ. ತುಂಡಾದದ್ದು ತಂಗೂಸಿಯಲ್ಲ, ಉಡಿದಾರ. ದಾರ, ಗಾಳ, ಉಡಿದಾರ ಎಲ್ಲ ಮೀನಿನ ಹಿಂದೆ ಹೋದವು. ಅಪ್ಪ ಅಣ್ಣನನ್ನು ದಡಕ್ಕೆ ಎಳೆದು ಹಾಕಿದ.

ನಿಮಗೆ ಗೊತ್ತಿರಬಹುದು, ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮಲ್ಲಿ ಗಂಡಸಿನ ಸೊಂಟದಿಂದ ಉಡಿದಾರ ಕಡಿಯುವುದು ಅವನು ಸತ್ತ ಮೇಲೆ, ಹೆಣಕ್ಕೆ ನೀರು ಹಾಕುವಾಗ. ಹಳೆಯದು ಸವೆದರೂ ಹೊಸದು ಕಟ್ಟಿಕೊಂಡ ಮೇಲೆಯೇ ಅದನ್ನು ಬಿಚ್ಚುವುದು. ಕೆಸರಲ್ಲಿ ಬಿದ್ದುಕೊಂಡು ಉಸಿರು ತಿರುಗಿಸಿಕೊಂಡ ದೊಡ್ಡಪ್ಪ ಮೊದಲು ಸೊಂಟ ತಡವಿಕೊಂಡ. ಅವನ ಮುಖ ಬಿಳಿಚಿಕೊಂಡಿದ್ದು ನೀರಿನಲ್ಲಿ ಅಲ್ಲ, ಆಗ. ತಮ್ಮನ ಮುಖ ನೋಡದೆ, ಮೆಲ್ಲಗೆ, ಕೆಟ್ಟ ಕನಸು ಹೇಳುವವನ ಹಾಗೆ ಹೇಳಿದ.

“ಬದುಕಿರೋನ್ ಉಡಿದಾರ ಕಡದ್ಬಿಟ್ಟನಲ್ಲ.”

ಮನೆಗೆ ಬಂದಾಗ ದೊಡ್ಡಮ್ಮ ಗೋಳೋ ಎಂದು ಅತ್ತಳು. ಅಜ್ಜಿ ಮಾತ್ರ ಅಳದೆ ಮರುದಿನವೇ ಹಿರಿಮಗನನ್ನು ಹೊರಕೆರೆದೇವಪುರಕ್ಕೆ ಕರೆದುಕೊಂಡು ಹೋಗಿ, ರಂಗಪ್ಪ ದೇವರ ಮುಂದೆ ಹೊಸ ಉಡಿದಾರ ಕಟ್ಟಿಸಿಕೊಂಡು ಬಂದಳು. ಸೊಂಟಕ್ಕೇನೋ ದಾರ ಬಂತು. ದೊಡ್ಡಪ್ಪ ತಮ್ಮನ ಜೊತೆ ಮಾತು ಬಿಟ್ಟ. ಜೀವ ಉಳಿಸಿದನಲ್ಲೋ ಎಂದು ಊರವರು ಹೇಳಿದರೆ, ನನ್ನ ಜೀವಕ್ಕೇನಾಗಿತ್ತು, ಇನ್ನೊಂದು ಗಳಿಗೆ ಬಿಟ್ಟಿದ್ದರೆ ಮೀನು ದಡದ ಮೇಲಿರುತ್ತಿತ್ತು ಎಂದು ಮೀನಿನ ಮೇಲೆ ಹಾಕಿ ಮಾತು ತಿರುಗಿಸುವನು. ಒಳಗೆ ಕೊರೆಯುತ್ತಿದ್ದುದು ಮೀನಲ್ಲ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಒಂದು ಕುರಿ ಸತ್ತರೆ, ಜ್ವರ ಬಂದರೆ, ಸುಮ್ಮನೆ ಎಡವಿ ಬಿದ್ದರೂ ಅವನ ಕೈ ಸೊಂಟಕ್ಕೆ ಹೋಗುತ್ತಿತ್ತು.

ಮಾತು ಬಿಟ್ಟರು, ಮನೆ ಬಿಡಲಿಲ್ಲ. ಅದೇ ನಮಗೆ ದೊಡ್ಡ ಶಿಕ್ಷೆ. ಒಂದೇ ಜಗಲಿಯ ಮೇಲೆ ಮಾರುದೂರದಲ್ಲಿ ಕೂತು ಇಬ್ಬರೂ ನನ್ನ ಮೂಲಕ ಮಾತಾಡುವರು. ನಿಮ್ಮಪ್ಪಂಗೆ ಹೇಳು, ನಾಳೆ ಕುರಿ ಉಣ್ಣೆ ಕತ್ತರಿಸೋರು ಬರ್ತಾರೆ. ನಿಮ್ಮ ದೊಡ್ಡಪ್ಪಂಗೆ ಹೇಳು, ಕತ್ತರಿ ಮಸೆಸಿ ಇಟ್ಟೀನಿ. ಇಬ್ಬರಿಗೂ ಇಬ್ಬರ ಮಾತೂ ಕೇಳಿರುತ್ತಿತ್ತು, ಆದರೂ ನಾನು ಹೇಳಲೇಬೇಕು. ಅಂಗಳದಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದರೆ ಆಟ ಬಿಟ್ಟು ಬಂದು ಹೇಳಬೇಕು. ನನಗೆ ಸಾಕುಸಾಕಾಗಿ ಹೋಗಿತ್ತು. ಇವತ್ತಿನ ಈ ದಣಿವಿನಲ್ಲಿ ಒಂದು ಪಾಲು ಆಗಿನದೇ ಇರಬೇಕು ಎನಿಸುತ್ತದೆ. ಹೊಂಗೆಮರದ ಕೆಳಗಿನ ಒಲೆ ಮಾತ್ರ ನಿಂತೇ ಹೋಯಿತು. ಅಪ್ಪ ಗಾಳ ಮುಟ್ಟಲಿಲ್ಲ, ದೊಡ್ಡಪ್ಪ ಒಬ್ಬನೇ ಹೋಗಲಿಲ್ಲ. ಮಳೆಗಾಲ ಕಳೆದು ನೋಡಿದರೆ ಗಡಿಗೆಯೊಳಗೆ ಹುಲ್ಲು ಬೆಳೆದಿತ್ತು. ಅಜ್ಜಿ ತೀರಿಕೊಂಡಳು. ನಾನು ಮದುವೆಯಾಗಿ ಹೊಳಲ್ಕೆರೆಗೆ ಹೋದೆ, ಅಲ್ಲಿಂದ ಗಂಡನ ಕೆಲಸದ ಜೊತೆ ಚಿತ್ರದುರ್ಗಕ್ಕೆ ಬಂದೆ. ಕುರಿಗಳನ್ನು ಮಾರಿದರು. ಇಷ್ಟೆಲ್ಲ ಆದರೂ ಅಣ್ಣತಮ್ಮನ ನಡುವೆ ಒಂದು ಮಾತಿಲ್ಲ. ಅಪ್ಪ ನನ್ನ ಮನೆಗೆ ಬಂದಾಗಲೆಲ್ಲ ಕೇಳುತ್ತಿದ್ದುದು ಒಂದೇ, ಅಣ್ಣ ನಿನ್ನ ಹತ್ತಿರ ಏನಾದರೂ ಅಂದನಾ ಎಂದು. ಏನೂ ಅಂದಿಲ್ಲ ಎಂದು ಹೇಳಿ ಹೇಳಿ ನನ್ನ ಬಾಯಿ ಸೋತಿತ್ತು.

ಕೊನೆಗೆ ದೊಡ್ಡಪ್ಪ ದುರ್ಗದ ಆಸ್ಪತ್ರೆಗೆ ಬಂದು ಮಲಗಿದ. ಶ್ವಾಸಕೋಶದ ತೊಂದರೆ, ಬೀಡಿಯ ಪ್ರಸಾದ. ಉಳಿಯುವುದಿಲ್ಲ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ನಾನು ಅಪ್ಪನಿಗೆ ಫೋನ್ ಮಾಡಿದೆ. ಮಧ್ಯಾಹ್ನದ ಬಸ್ಸಿಗೆ ಬಂದ ಅಪ್ಪ ವಾರ್ಡಿನ ಬಾಗಿಲಲ್ಲೇ ನಿಂತ, ಒಳಗೆ ಬರಲೋ ಬೇಡವೋ ಎಂದು ನನ್ನ ಮುಖ ನೋಡಿದ. ನಾನೇ ಕೈ ಹಿಡಿದು ತಂದು ಸ್ಟೂಲಿನ ಮೇಲೆ ಕೂರಿಸಿದೆ. ದೊಡ್ಡಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಪಕ್ಕದ ಮಂಚದವರು ಕಿತ್ತಳೆ ಸುಲಿಯುತ್ತಿದ್ದರು. ಆಮೇಲೆ ದೊಡ್ಡಪ್ಪ ಗೋಡೆಗೇ ಹೇಳುವವನ ಹಾಗೆ ನನಗೆ ಹೇಳಿದ.

“ನಿಮ್ಮಪ್ಪಂಗೆ ಹೇಳವ್ವ. ಅವತ್ತಿಂದು ಕೊರಮೀನೇ ಇದ್ದಿರಬೌದು ಅಂತ.”

ನಾನು ಹೇಳಲು ಬಾಯಿ ತೆರೆಯುವುದರೊಳಗೆ ಅಪ್ಪ ನನ್ನನ್ನು ದಾಟಿ ನೇರ ಮಾತಾಡಿದ.

“ಇಲ್ಲಣ್ಣ, ಅದು ಬಾಳೆಮೀನೇ. ಕೊರಮೀನು ಅಷ್ಟು ದೂರ ಎಳಿಯಲ್ಲ.”

ದೊಡ್ಡಪ್ಪ ಆಗ ತಿರುಗಿದ. ತಿರುಗಲು ಎಷ್ಟು ಕಷ್ಟವಾಯಿತೆಂದು ನಾನು ನೋಡಿದ್ದೇನೆ. ಮೂಗಿನ ಕೊಳವೆ ಓರೆಯಾಯಿತು, ಕಣ್ಣಲ್ಲಿ ಹಳೆಯ ಕೆಂಡ.

“ನಿಂಗೇನ್ ಗೊತ್ತಲೇ? ದಾರ ಇದ್ದಿದ್ದು ನನ್ನ ಸೊಂಟದಾಗೆ.”

ಆ ಒಂದು ‘ಲೇ’ಗೆ ಅಪ್ಪ ಅತ್ತುಬಿಟ್ಟ. ಅಳುತ್ತಲೇ ಜಗಳ ಮುಂದುವರಿಸಿದ. ಕೊರಮೀನಿನ ಪಕ್ಷ ಹಿಡಿದು ದೊಡ್ಡಪ್ಪ, ಬಾಳೆಮೀನಿನ ಪಕ್ಷ ಹಿಡಿದು ಅಪ್ಪ, ಇಬ್ಬರೂ ನರ್ಸ್ ಬಂದು ಗದರುವವರೆಗೆ ವಾದ ಮಾಡಿದರು. ಒಬ್ಬರೂ ಸೋಲಲಿಲ್ಲ. ನನ್ನನ್ನು ನಡುವೆ ಕರೆಯಲೂ ಇಲ್ಲ. ಎಷ್ಟೋ ವರ್ಷಗಳ ಮೇಲೆ ನಾನು ಕೆಲಸವಿಲ್ಲದೆ ಗೋಡೆಗೊರಗಿ ಕೂತೆ. ಅಂಥ ಸುಖವಾದ ಮಧ್ಯಾಹ್ನ ನನ್ನ ಬದುಕಿನಲ್ಲಿ ಹೆಚ್ಚಿಲ್ಲ.

ದೊಡ್ಡಪ್ಪ ಹೋದದ್ದು ಆ ತಿಂಗಳಲ್ಲೇ. ಹೆಣಕ್ಕೆ ನೀರು ಹಾಕಿ ಉಡಿದಾರ ಕಡಿಯುವ ಹೊತ್ತಿಗೆ ಅಪ್ಪ ಎದ್ದು ಹೊರಗೆ ಹೋಗಿ ರೊಪ್ಪವಿದ್ದ ಖಾಲಿ ಜಾಗದಲ್ಲಿ ನಿಂತುಕೊಂಡ, ಎಲ್ಲ ಮುಗಿದ ಮೇಲೆ ಬಂದು ಹೆಗಲು ಕೊಟ್ಟ. ಅದಾದ ಮೇಲೆ ಅಪ್ಪನ ಬಾಯಲ್ಲಿ ಬರೀ ಬಾಳೆಮೀನು. ಚಹಾದಂಗಡಿಯಲ್ಲಿ, ಬಸ್ಸಿನಲ್ಲಿ, ಯಾರು ಸಿಕ್ಕರೂ ಬಾಳೆಮೀನಿನಷ್ಟು ಎಳೆಯುವ ಮೀನಿಲ್ಲ ಎಂದು ಹೇಳಿ, ಎದುರಿನವರ ಮುಖ ನೋಡಿ ಕಾಯುವನು. ಹೌದು ಬಿಡಪ್ಪ ಎಂದು ಅವರು ಒಪ್ಪಿಕೊಂಡುಬಿಡುವರು. ಒಪ್ಪಿದಷ್ಟೂ ಅಪ್ಪ ಕುಗ್ಗುತ್ತಿದ್ದ. ಅದನ್ನು ನೋಡಲಾರದೆ ಒಂದು ದಿನ ಊಟಕ್ಕೆ ಬಡಿಸುತ್ತ ನಾನೇ, ಏನೇ ಅನ್ನಪ್ಪ, ಕೊರಮೀನಿನ ಮುಂದೆ ಅದೇನೂ ಅಲ್ಲ ಎಂದೆ. ಮುದ್ದೆ ಮುರಿಯುತ್ತಿದ್ದ ಕೈ ನಿಂತಿತು. ಅವತ್ತು ಅಪ್ಪ ಎರಡನೆಯ ಮುದ್ದೆ ಕೇಳಿ ಹಾಕಿಸಿಕೊಂಡು, ಕೈ ಒಣಗುವವರೆಗೆ ನನ್ನನ್ನು ಬೈದ. ಅಂದಿನಿಂದ ಅವನಿರುವವರೆಗೂ ನಾನು ಕೊರಮೀನಿನ ಕಡೆಯವಳು. ಗಾಳ ಹಿಡಿದವಳಲ್ಲ, ಮೀನಿನ ಬಗ್ಗೆ ನನಗೇನು ಗೊತ್ತು? ಅಪ್ಪನಿಗೆ ಅಲ್ಲ ಎನ್ನುವವರು ಒಬ್ಬರು ಬೇಕಿತ್ತು, ಅಷ್ಟೇ.

ಈಗ ಅಪ್ಪನೂ ಇಲ್ಲ. ಹೋದ ಸಲ ಡ್ಯಾಂ ತುಂಬಿದೆಯೆಂದು ಎಲ್ಲರೂ ನೋಡಲು ಹೋಗುವಾಗ ನಾನೂ ಊರ ಕಡೆ ಹೋಗಿದ್ದೆ. ಮನೆಯಿದ್ದಲ್ಲಿ ಯಾರೋ ಸಿಮೆಂಟ್ ಇಟ್ಟಿಗೆಯ ಶೆಡ್ಡು ಹಾಕಿದ್ದಾರೆ, ಹೊಂಗೆಮರ ಕಡಿದಿದ್ದಾರೆ. ಹಿನ್ನೀರಿನ ದಡದಲ್ಲಿ ಹಿರಿಯೂರಿನಿಂದ ಬಂದಿದ್ದ ಒಬ್ಬಾತ ಹೊಳೆಯುವ ಫೈಬರ್ ಕೋಲು ಹಿಡಿದು ಅಂಗೈಯಗಲದ ಜಿಲೇಬಿ ಮೀನು ಎಳೆದು ಹಾಕುತ್ತಿದ್ದ. ಬಾಳೆಮೀನು, ಕೊರಮೀನು ಸಿಗುತ್ತವೆಯೇ ಎಂದು ಕೇಳಿದೆ. ಈಗೆಲ್ಲ ಇದೇ ಮೇಡಂ, ಇದರಷ್ಟು ಎಳೆಯುವ ಮೀನು ಇನ್ನೊಂದಿಲ್ಲ ಎಂದ. ಅಲ್ಲ ಎನ್ನಬೇಕೆಂದು ನಾಲಿಗೆಯ ತುದಿಗೆ ಬಂತು. ಯಾವ ಮೀನಿನ ಹೆಸರು ಹೇಳಲಿ, ಯಾರ ಕಡೆ ನಿಲ್ಲಲಿ? ಬಿಸಿಲು ಬೇರೆ, ಬಸ್ಸಿನ ಹೊತ್ತಾಗಿತ್ತು. ಇರಬಹುದಪ್ಪ ಎಂದೆ. ನಮ್ಮ ಮನೆಯಲ್ಲಿ ಅಷ್ಟು ಬೇಗ ಯಾರೂ ಒಪ್ಪಿಕೊಂಡಿದ್ದಿಲ್ಲ.