ಬಾಣಂತಿಯ ಬಾಯಾರಿಕೆ

ಬೆಳಗ್ಗೆ ಹತ್ತೂಕಾಲು. ಮಗುವಿಗೆ ಎರೆಯಲು ಆರಿಸಿಟ್ಟಿದ್ದ ನೀರನ್ನು ಅಕ್ಕ ಚೆಂಬಿನಲ್ಲಿ ಮೊಗೆದು ಗಟಗಟ ಕುಡಿದುಬಿಟ್ಟಳು. ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

ತಮಿಳುನಾಡಿನ ಓಡೈಪಟ್ಟಿಯ ನಮ್ಮ ಮನೆಯಲ್ಲಿ ಬಾಣಂತಿಗೆ ನೀರು ಅಳೆದು ಕೊಡುತ್ತಾರೆ. ಹಸಿ ಮೈಗೆ ನೀರು ಹೆಚ್ಚಾದರೆ ಹೊಟ್ಟೆ ಊದುತ್ತದೆಂಬ ನಂಬಿಕೆ. ಜೊತೆಗೆ ಬೆಳಗೂ ಸಂಜೆಯೂ ತಾಟಿಬೆಲ್ಲದ ಲೇಹ್ಯ. ಬಸುರಿಯಾಗಿದ್ದಾಗ ಅಕ್ಕನಿಗೆ ಸಕ್ಕರೆ ಕಾಯಿಲೆ ಕಾಣಿಸಿತ್ತು. ಹೆರಿಗೆಯೊಡನೆ ಅದೂ ಹೋಯಿತೆಂದುಕೊಂಡಿದ್ದರು. ಆರು ವಾರಕ್ಕೆ ಬಂದು ರಕ್ತ ಪರೀಕ್ಷೆ ಮಾಡಿಸಿ ಎಂದು ಡಾಕ್ಟರು ಹೇಳಿದ್ದರು. ಹಸುಗೂಸನ್ನು ಬಿಸಿಲಿಗೆ ಒಯ್ಯಬೇಡಿ, ಮೂರು ತಿಂಗಳು ತುಂಬಲಿ ಎಂದು ಅಜ್ಜಿ ತಡೆದಿದ್ದರು. ಲೇಹ್ಯದ ಸಿಹಿಯ ಮಾತೆತ್ತಿದರೆ, ಅದು ಮದ್ದು, ತಿಂಡಿಯಲ್ಲ ಎನ್ನುತ್ತಿದ್ದರು.

ಅಜ್ಜಿ ಚೆಂಬು ಕಿತ್ತುಕೊಂಡರು. ಇದು ಸಕ್ಕರೆಯ ಬಾಯಾರಿಕೆಯೇ ಇರಬೇಕು, ಈಗಲೇ ತೇನಿಯ ಆಸ್ಪತ್ರೆಗೆ ಹೋಗೋಣ ಎಂದೆ.

"ಕಾಲೇಜು ಓದ್ದೋಳು ನೀನು, ಹೆತ್ತೋಳು ನಾನು. ಸುಮ್ಕಿರವ್ವ," ಎಂದರು ಅಜ್ಜಿ.

ಅಷ್ಟರಲ್ಲಿ ಅಕ್ಕ ಗೋಡೆ ಹಿಡಿದು ಕುಸಿದಳು. ಕಣ್ಣು ಮಂಜಾಗಿದೆ ಎಂದಳು, ಮಾತು ತೊದಲುತ್ತಿತ್ತು.

ಪಕ್ಕದ ಮನೆಯವರ ದ್ರಾಕ್ಷಿ ವ್ಯಾನಿನಲ್ಲಿ, ಖಾಲಿ ಕ್ರೇಟುಗಳ ನಡುವೆ, ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಅಮ್ಮ ಮಗುವನ್ನು ಎದೆಗೊತ್ತಿಕೊಂಡಿದ್ದರು. ಪ್ರತಿ ಗುಂಡಿಗೂ ಅಕ್ಕನ ಹೆಸರು ಕೂಗುತ್ತಿದ್ದೆ. ಒಂದು ಕಡೆ ಅವಳು ಉತ್ತರಿಸಲಿಲ್ಲ.

ಆಸ್ಪತ್ರೆಯಲ್ಲಿ ನರ್ಸ್ ಬೆರಳಿಗೆ ಸೂಜಿ ಚುಚ್ಚಿದಾಗ ಯಂತ್ರದಲ್ಲಿ ಅಂಕಿಯೇ ಮೂಡಲಿಲ್ಲ. ಅದರ ಅಳತೆಯನ್ನೂ ಸಕ್ಕರೆ ಮೀರಿತ್ತು. ಎಲ್ಲರೂ ಓಡಾಡತೊಡಗಿದರು. ಒಂದು ಕೈಗೆ ಡ್ರಿಪ್, ಇನ್ನೊಂದಕ್ಕೆ ಇನ್ಸುಲಿನ್. ಹೆರಿಗೆಯ ನಂತರ ಪರೀಕ್ಷೆ ಮಾಡಿಸಿದ್ದೀರಾ ಎಂದು ಡಾಕ್ಟರು ತಮಿಳಿನಲ್ಲಿ ಕೇಳಿದರು. ಇಲ್ಲ ಎಂದೆ. ಕೆಲವರಲ್ಲಿ ಇದು ಹೆರಿಗೆಯೊಡನೆ ಹೋಗುವುದಿಲ್ಲ, ಪರೀಕ್ಷೆ ಮಾಡದೆ ತಿಳಿಯುವುದೂ ಇಲ್ಲ ಎಂದರು.

ಮರುದಿನ ಅಕ್ಕ ಎಚ್ಚೆತ್ತು ನೀರು ಕೇಳಿದಳು. ಲೋಟ ಹಿಡಿದವರು ಅಜ್ಜಿಯೇ.

"ಕುಡಿಯವ್ವ. ಎಷ್ಟು ಬೇಕೋ ಅಷ್ಟು ಕುಡಿ."

ಮನೆಗೆ ಬಂದಮೇಲೂ ಅಕ್ಕ ರಾತ್ರಿ ನೀರಿಗೆಂದು ಎದ್ದಾಗಲೆಲ್ಲ ನನಗೂ ಎಚ್ಚರವಾಗುತ್ತಿತ್ತು. ದಿನವೂ ಬೆಳಗ್ಗೆ ಬರಿಹೊಟ್ಟೆಯಲ್ಲಿ ಬೆರಳು ಚುಚ್ಚಿ ನೋಡುತ್ತಿದ್ದೆವು. ಅಂಕಿ ಮೆಲ್ಲಮೆಲ್ಲನೆ ಇಳಿಯಿತು. ಒಂದು ದಿನ ಕಣ್ಣು ಬಿಟ್ಟರೆ ಕಿಟಕಿಯಲ್ಲಿ ಬಿಸಿಲು! ರಾತ್ರಿಯೆಲ್ಲ ಅವಳು ನೀರಿಗೆ ಎದ್ದೇ ಇರಲಿಲ್ಲ, ಮಗುವೂ ಅತ್ತಿರಲಿಲ್ಲ. ಧಡಕ್ಕನೆ ಎದ್ದು ಹೋಗಿ ಅವಳ ಮೂಗಿನ ಬಳಿ ಬೆರಳಿಟ್ಟೆ.

ಅಕ್ಕ ಒಂದೇ ಕಣ್ಣು ತೆರೆದಳು. "ಬದುಕಿದೀನಿ ಕಣೆ, ಮಲ್ಗಕ್ಕೆ ಬಿಡು," ಎಂದು ಮಗ್ಗುಲಾದಳು.