ಟೀಚರಮ್ಮನ ಚಾಪೆ

ನಮ್ಮ ಚರ್ಚಿನ ಸಭೆಯಲ್ಲಿ ಟೀಚರಮ್ಮನ ದೀನತೆಯ ಮಾತು ಬಂದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಹೇಳುವವರೆಲ್ಲ ಕಣ್ಣು ಅರ್ಧ ಮುಚ್ಚಿ, ತಲೆ ಒಂದು ಕಡೆಗೆ ವಾಲಿಸಿ, "ಎಂಥ ತಗ್ಗಿದ ಮನಸ್ಸು, ಜೀವಮಾನವೆಲ್ಲ ಚಾಪೆಯ ಮೇಲೇ ಕೂತರು" ಎನ್ನುತ್ತಾರೆ. ಆಕೆಗೆ ತಗ್ಗಿದ ಮನಸ್ಸೂ ಇರಲಿಲ್ಲ, ಮಣ್ಣೂ ಇರಲಿಲ್ಲ. ನಲವತ್ತರ ದಶಕದ ಹಲಸೂರಿನಲ್ಲಿ ಅವರಷ್ಟು ಗಡುಸಾದ ಹೆಂಗಸನ್ನು ನಾನು ಕಂಡಿಲ್ಲ. ಹೆಣ್ಣುಮಕ್ಕಳ ಕನ್ನಡ ಶಾಲೆಯಲ್ಲಿ ಒಂದನೇ ತರಗತಿಗೆ ಅಕ್ಷರ ಕಲಿಸುತ್ತಿದ್ದರು. ನನಗೆ ಕಲಿಸಿದರು, ನನಗಿಂತ ಮೊದಲು ನನ್ನ ಅಮ್ಮನಿಗೂ ಅವರೇ ಕಲಿಸಿದ್ದರು. ಇಬ್ಬರೂ ಗೆಣ್ಣಿನ ಮೇಲೆ ರೂಲುದೊಣ್ಣೆಯ ಏಟು ತಿಂದವರೇ. ಟೀಚರಮ್ಮ ಮದುವೆ ಮಾಡಿಕೊಳ್ಳಲಿಲ್ಲ. ಕೀರ್ತನೆ ಹಾಡಲು ಬಾಯಿ ತೆಗೆದರೆ ಪಕ್ಕದವರು ತಾಳ ತಪ್ಪುತ್ತಿದ್ದರು. ಒಂದು ಭಾನುವಾರವೂ ಆರಾಧನೆ ತಪ್ಪಿಸಿದವರಲ್ಲ.

ಆ ಚಾಪೆ ಏನೆಂದು ಮೊದಲು ಹೇಳಬೇಕು. ನಮ್ಮ ಚರ್ಚು ಕೆರೆಗೂ ದಂಡಿನ ಕವಾಯತು ಮೈದಾನಕ್ಕೂ ನಡುವೆ ಇತ್ತು. ಬೆಳಿಗ್ಗೆ ದೊರೆಗಳ ಇಂಗ್ಲಿಷ್ ಆರಾಧನೆ, ಆಮೇಲೆ ತಮಿಳಿನವರದು, ಬಿಸಿಲೇರಿ ಬೆಂಚುಗಳು ಬಿಸಿಯಾದ ಮೇಲೆ ನಮ್ಮ ಕನ್ನಡದ್ದು. ನಮ್ಮದರಲ್ಲಿ ಬೆಂಚಿನ ಮೇಲೆ ಕೂರುತ್ತಿದ್ದವರು ಗುಮಾಸ್ತರು, ಕಾಂಪೌಂಡರುಗಳು, ಕಂತ್ರಾಟುದಾರರು, ಅವರ ಹೆಂಡತಿ ಮಕ್ಕಳು. ಬೆಂಚುಗಳೆಲ್ಲ ಮುಗಿದು ಬಾಗಿಲು ಶುರುವಾಗುವಲ್ಲಿ ಒಂದು ಉದ್ದನೆಯ ಈಚಲ ಚಾಪೆ. ಅದು ಮರ್ಫಿ ಟೌನಿನವರಾದ ನಮಗೆ. ನಮ್ಮ ಅಪ್ಪಂದಿರು ಬಂಗಲೆಗಳಲ್ಲಿ ತೋಟ ನೋಡುವವರು, ಬೀದಿ ಗುಡಿಸುವವರು, ಅಮ್ಮಂದಿರು ಆಯಾಗಳು. ನಾವು ಯಾರು, ನಮ್ಮ ಅಜ್ಜಂದಿರು ಯಾವ ಕೇರಿಯಿಂದ ಬಂದವರು ಎಂದು ಎಲ್ಲರಿಗೂ ಗೊತ್ತಿತ್ತು. ಜಾತಿ ಬಿಟ್ಟು ಬಂದೆವೆಂದು ಗಂಟಲು ಹರಿಯುವಂತೆ ಹಾಡುತ್ತಿದ್ದ ಆ ಜನ, ಒಳಗೆ ಬಂದ ಮೇಲೆ ಅದನ್ನೇ ಮೆತ್ತೆ ಮಾಡಿಕೊಂಡು ಬೆಂಚಿನ ಮೇಲೆ ಹಾಕಿಕೊಂಡು ಕೂತಿದ್ದರು. ಚಾಪೆಯವರು ಬೆಂಚಿನ ಮೇಲೆ ಕೂರಬಾರದೆಂದು ಎಲ್ಲಿಯೂ ಬರೆದಿರಲಿಲ್ಲ. ಬರೆಯುವಷ್ಟು ಧೈರ್ಯವೂ ಆ ಜನಕ್ಕೆ ಇರಲಿಲ್ಲ.

ಟೀಚರಮ್ಮ ಸಂಬಳದವರು, ಕಾಲಿಗೆ ಬೂಟು ಹಾಕುವವರು. ಅವರಿಗೆ ಬೆಂಚು ಇತ್ತು. ಅದು ಹೋದ ಕಥೆಯನ್ನು ಅಮ್ಮ ನನಗೆ ಹೇಳಿದ್ದಾಳೆ, ಏಕೆಂದರೆ ಅಲ್ಲಿ ಅವಳೂ ಇದ್ದಳು. ಟೀಚರಮ್ಮ ಕೆಲಸಕ್ಕೆ ಸೇರಿದ ಹೊಸತು. ಒಂದು ಭಾನುವಾರ ತಮ್ಮ ತರಗತಿಯ ಹುಡುಗಿಯರನ್ನೆಲ್ಲ ಸಾಲಾಗಿ ಕರೆದುಕೊಂಡು ಬಂದು ನಡುವಿನ ಬೆಂಚಿನ ಮೇಲೆ ಕೂರಿಸಿದರು. ಮೊದಲ ಕೀರ್ತನೆಗೆ ಮುಂಚೆಯೇ ಸಭೆಯ ಹಿರಿಯರು ಬಂದು ಆ ಮಕ್ಕಳನ್ನು ಎಬ್ಬಿಸಿ ಚಾಪೆಗೆ ಕಳಿಸಿದರು. ಟೀಚರಮ್ಮನೂ ಎದ್ದರಂತೆ. ಎದ್ದು, ಇಡೀ ಚರ್ಚಿಗೆ ಕೇಳುವ ಹಾಗೆ, "ಈ ಮಕ್ಳಿಗೆ ಬೆಂಚು ಕೊಡೋವರೆಗೂ ನಾನೂ ಬೆಂಚಿನ್ ಮೇಲೆ ಕೂರಲ್ಲ" ಎಂದು ಹೇಳಿ ಚಾಪೆಯ ಮೇಲೆ ಹೋಗಿ ಕೂತರಂತೆ.

ಬುದ್ಧಿ ಇದ್ದ ಊರಿನಲ್ಲಿ ಇದಕ್ಕೆ ಜಗಳ ಎನ್ನುತ್ತಾರೆ. ನಮ್ಮವರು ಇದನ್ನು ಹರಕೆ ಎಂದರು. ಅಜ್ಜಿಯ ಕಾಲಕ್ಕೆ ಕ್ರೈಸ್ತರಾದ ಜನ, ಮುಡಿ ಕೊಟ್ಟ, ಉರುಳು ಸೇವೆ ಮಾಡಿದ ನೆನಪು ರಕ್ತದಿಂದ ಇನ್ನೂ ಹೋಗಿರಲಿಲ್ಲ. ಯಾರಾದರೂ "ಇದಾಗುವವರೆಗೂ ನಾನು ಅದು ಮಾಡಲ್ಲ" ಎಂದರೆ ಅವರಿಗೆ ಅರ್ಥವಾಗುತ್ತಿದ್ದದ್ದು ಅದೊಂದೇ. ಒಂದೆರಡು ವರ್ಷ ಕಳೆಯುವಷ್ಟರಲ್ಲಿ ಮಾತಿನ ಮೊದಲರ್ಧ ಗಾಳಿಗೆ ಹೋಯಿತು, ಎರಡನೆಯ ಅರ್ಧ ಉಳಿಯಿತು. ಟೀಚರಮ್ಮ ಬೆಂಚಿನ ಮೇಲೆ ಕೂರುವುದಿಲ್ಲವೆಂದು ಹರಕೆ ಹೊತ್ತಿದ್ದಾರೆ. ಯಾತಕ್ಕೆ ಎಂದು ಕೇಳುವ ಗೋಜಿಗೆ ಯಾರೂ ಹೋಗಲಿಲ್ಲ. ಬೇರೆ ಊರಿನಿಂದ ನೆಂಟರು ಬಂದರೆ ಆರಾಧನೆ ಮುಗಿದ ಮೇಲೆ ಕರೆತಂದು ತೋರಿಸುತ್ತಿದ್ದರು, ಲಾಲ್‌ಬಾಗ್ ತೋರಿಸಿದ ಹಾಗೆ.

ಆಕೆ ಮಾತ್ರ ಮರೆತಿರಲಿಲ್ಲ. ಕ್ರಿಸ್‌ಮಸ್ ಕಳೆದ ಮೇಲೆ ನಡೆಯುವ ವರ್ಷದ ಸಭೆಯಲ್ಲಿ ಪ್ರತಿ ಸಲವೂ ಎದ್ದು ನಿಂತು ಕೇಳುತ್ತಿದ್ದರು. ಸಭೆಯ ಶುರುವಿಗೆ ಕೀರ್ತನೆ ಹಾಡಲು ನಮ್ಮನ್ನು ಕರೆದುಕೊಂಡು ಹೋಗುತ್ತಿದ್ದರಾದ್ದರಿಂದ ನಾನು ಅದನ್ನು ಕಿವಿಯಾರೆ ಕೇಳಿದ್ದೇನೆ. ಆಗ ದೊಡ್ಡ ಹಿರಿಯರಾಗಿದ್ದವರು ಮರದ ಡಿಪೋ ಇಟ್ಟಿದ್ದವರು. ಯುದ್ಧ ಬಂದಿದ್ದೇ ತಡ, ದಂಡಿನ ಬ್ಯಾರಕ್ಕುಗಳಿಗೆ ಮಂಚ, ಮೇಜು, ಬೆಂಚು ಮಾಡಿಕೊಡುವ ಕಂತ್ರಾಟು ಹಿಡಿದು ಮೈತುಂಬಿಕೊಂಡಿದ್ದರು. ಈಗಿನ ಶಿವಾಜಿನಗರದ ಕಡೆಗೆ ಹೋದರೆ ಅವರ ಅಂಗಳದಲ್ಲಿ ಬೆಂಚುಗಳನ್ನು ಒಂದರ ಮೇಲೊಂದು ಪೇರಿಸಿ ಲಾರಿಗೆ ಏರಿಸುವುದು ರಸ್ತೆಗೇ ಕಾಣುತ್ತಿತ್ತು.

"ಅಯ್ಯಾ, ಮಕ್ಳ ಬೆಂಚಿನ ವಿಷಯ ಏನಾಯ್ತು?" ಎಂದರು ಟೀಚರಮ್ಮ.

"ಯುದ್ಧ ನಡೀತಿದೆ ಟೀಚರಮ್ಮಾ. ಮರ ಎಲ್ಲಾ ಮಿಲಿಟರಿಗೆ ಹೋಗ್ತಿದೆ. ಎಲ್ಲಿಂದ ತರೋಣ ಹೇಳಿ?"

"ನಿಮ್ಮ ಡಿಪೋದಿಂದ."

ಸಭೆಗೆ ಸಭೆಯೇ ನಕ್ಕಿತು. ಟೀಚರಮ್ಮ ಬಹಳ ತಮಾಷೆಯವರು ಎಂದರು. ದೊಡ್ಡ ಹಿರಿಯರು ತಾವೂ ನಕ್ಕು ಮುಂದಿನ ವಿಷಯಕ್ಕೆ ಹೋದರು. ಚರ್ಚಿನ ಸುಣ್ಣದ ವಿಷಯ.

ಯುದ್ಧ ಮುಗಿಯಿತು. ಬಿಳಿ ಸೋಲ್ಜರುಗಳು ಹಡಗು ಹತ್ತಿದರು, ಡಿಪೋದಲ್ಲಿ ಬೆಂಚುಗಳು ಕೊಳ್ಳುವವರಿಲ್ಲದೆ ಬಿಸಿಲಿಗೆ ಸೀಳಿಕೊಂಡು ಬಿದ್ದವು. ಆಗ ಬಂದ ಉತ್ತರ, "ಮರ ಇದೆ, ಹಾಕೋಕೆ ಜಾಗ ಎಲ್ಲಿದೆ?" ಸ್ವಾತಂತ್ರ್ಯ ಬಂತು, ಚರ್ಚಿನ ಮುಂದೆ ಬಾವುಟ ಹಾರಿತು, ನಮ್ಮ ಕೈಗೆ ಮಿಠಾಯಿ ಕೊಟ್ಟರು. ಆಗ ಬಂದ ಉತ್ತರ, "ಈಗ ನಮ್ಮದೇ ಸರ್ಕಾರ ಬಂದಿದೆಯಲ್ಲ ಟೀಚರಮ್ಮಾ, ನಿಧಾನಕ್ಕೆ ಎಲ್ಲಾ ಸರಿಹೋಗುತ್ತೆ." ಕುಣಿಯಲಾರದವಳಿಗೆ ನೆಲ ಡೊಂಕು ಎನ್ನುತ್ತಾರೆ. ಈ ದೊಡ್ಡ ಮನುಷ್ಯರಿಗೆ ಯುದ್ಧವೂ ಡೊಂಕು, ಶಾಂತಿಯೂ ಡೊಂಕು, ಸ್ವರಾಜ್ಯವೂ ಡೊಂಕು.

ಟೀಚರಮ್ಮ ಶಾಲೆಯಿಂದ ನಿವೃತ್ತರಾದಾಗ ಸಭೆಯವರು ಸನ್ಮಾನ ಮಾಡಿದರು. ಹಾರ ಹಾಕಿದರು, ಕಾಫಿ ಕೊಟ್ಟರು. ದೊಡ್ಡ ಹಿರಿಯರು ಅವರ ದೀನತೆಯ ಬಗ್ಗೆ ಎಷ್ಟು ಹೊತ್ತು ಮಾತಾಡಿದರೆಂದರೆ ಕಾಫಿ ತಣ್ಣಗಾಗಿ ಕೆನೆಗಟ್ಟಿತು. ಆಮೇಲೆ ಕಾಗದ ಸುತ್ತಿದ ಒಂದು ದೊಡ್ಡ ಕಟ್ಟನ್ನು ಅವರ ಮುಂದಿಟ್ಟು ಬಿಚ್ಚಿದರು. ಕೆಂಪು ಹಸಿರು ಪಟ್ಟೆಯ ಹೊಸ ಜಮಖಾನ. ಚಾಪೆಯ ಮೇಲೆ ಹಾಸಿಕೊಂಡು ಕೂರಲಿ, ಹರಕೆಯೂ ಮುರಿಯಬಾರದು, ಮಂಡಿಯೂ ನೋಯಬಾರದು ಎಂದು ಹಿರಿಯರೆಲ್ಲ ಸೇರಿ ಯೋಚನೆ ಮಾಡಿ ತಂದದ್ದು. ನಾನು ಗೋಡೆಗೆ ಒರಗಿ ನಿಂತಿದ್ದೆ. ಟೀಚರಮ್ಮನ ಕುತ್ತಿಗೆಯ ನರ ಉಬ್ಬಿದ್ದು ನನಗೆ ಕಾಣಿಸಿತು.

"ನಾನು ಕೇಳಿದ್ದು ಬೆಂಚು" ಎಂದರು.

ಮುಂದಿನ ಸಾಲಿನಲ್ಲಿ ದೊಡ್ಡ ಹಿರಿಯರ ಹೆಂಡತಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. "ನೋಡಿ, ತನಗೆ ಅಂತ ಏನ್ ಕೊಟ್ರೂ ಬೇಡ ಅಂತಾರೆ. ಎಂಥಾ ಜೀವ!" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎನ್ನುವ ಗಾದೆ ಈ ಜನಕ್ಕೆ ಸಾಲದು. ಇವರಿಗೆ ಪರಿಮಳ ಚೆನ್ನಾಗಿಯೇ ತಿಳಿಯುತ್ತಿತ್ತು, ಮೂಗು ಮುಚ್ಚಿಕೊಂಡೇ ಹೊಗಳುತ್ತಿದ್ದರು.

ಜಮಖಾನ ತಂದು ಏನೂ ಪ್ರಯೋಜನವಾಗಲಿಲ್ಲ, ಏಕೆಂದರೆ ಮರುವರ್ಷ ಅವರ ಮಂಡಿ ಪೂರ್ತಿ ಹಿಡಿದುಕೊಂಡಿತು. ನೆಲಕ್ಕೆ ಕೂತರೆ ಇಬ್ಬರು ಹಿಡಿದು ಎಬ್ಬಿಸಬೇಕು. ಚರ್ಚಿನ ಆಳು ದೊಡ್ಡ ಹಿರಿಯರ ಹೇಳಿಕೆಯ ಮೇಲೆ ಒಂದು ಕೈಕುರ್ಚಿ ತಂದು ಮುಂದೆ, ಬೆಂಚಿನ ಪಕ್ಕಕ್ಕೆ ಹಾಕಿದ. ಟೀಚರಮ್ಮ ಅದನ್ನು ವಾಪಸ್ಸು ಕಳಿಸಿದರು. ಚಾಪೆಯ ಕೊನೆಯಲ್ಲಿ, ಬಾಗಿಲವಾಡಕ್ಕೆ ಒರಗಿಕೊಂಡು, ಆರಾಧನೆ ಮುಗಿಯುವವರೆಗೂ ನಿಂತರು. ಅಂದಿನಿಂದ ಪ್ರತಿ ಭಾನುವಾರವೂ ನಿಂತರು. ಅವರ ಕಾಲು ನಡುಗುತ್ತಿದ್ದದ್ದು ಪಕ್ಕದಲ್ಲಿ ಕೂತ ನನಗೆ ಸೀರೆಯ ನೆರಿಗೆಯಲ್ಲೇ ತಿಳಿಯುತ್ತಿತ್ತು. ಬೆಂಚಿನವರು ತಿರುಗಿ ನೋಡಿ, "ಈಗ ನಿಂತೇ ಆರಾಧನೆ ಮಾಡ್ತಾರೆ" ಎಂದು ಪಿಸುಗುಟ್ಟಿ ಹೆಮ್ಮೆಪಟ್ಟುಕೊಂಡರು.

ಒಂದು ದಿನ ಕೆರೆ ಏರಿಯ ಮೇಲೆ ಅವರನ್ನು ಮನೆಗೆ ಕರೆದುಕೊಂಡು ಹೋಗುವಾಗ ನನಗೆ ತಡೆಯಲಾಗಲಿಲ್ಲ. ನನ್ನ ಭುಜದ ಮೇಲೆ ಅವರ ಕೈ ಕಲ್ಲಿನ ಹಾಗೆ ಭಾರವಾಗಿತ್ತು.

"ಕುರ್ಚಿ ಮೇಲೆ ಕೂತ್ಕೊಂಡ್ಬಿಡಿ ಟೀಚರಮ್ಮಾ. ಈ ಜನ ಬದಲಾಗಲ್ಲ."

"ಗೊತ್ತು."

"ಮತ್ತೆ?"

"ಮತ್ತೇನೇ? ಅವರು ಬದಲಾಗಲ್ಲ ಅಂತ ನಾನು ಬದಲಾಗ್ಬೇಕಾ?" ಎಂದು ಗದರಿದರು. ಸ್ವಲ್ಪ ದೂರ ನಡೆದ ಮೇಲೆ, ಉಸಿರು ಎಳೆದುಕೊಳ್ಳುತ್ತ, "ಕಣ್ಮುಚ್ಚೋದ್ರೊಳಗೆ ಒಂದು ಭಾನುವಾರ ನಿಮ್ಮನ್ನೆಲ್ಲಾ ಬೆಂಚಿನ್ ಮೇಲೆ ನೋಡ್ಬೇಕು. ನಂಗೆ ಇನ್ನೇನೂ ಬೇಡ" ಎಂದರು. ಅವರು ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಇದನ್ನು ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ಒಂದು ಬಂಗಲೆಯಲ್ಲಿ ಆಯಾ ಆಗಿದ್ದಳು. ಬೆಳಗಿನಿಂದ ಬೇರೆಯವರ ಮಕ್ಕಳನ್ನು ಎತ್ತಿ ಎತ್ತಿ ಅವಳಿಗೆ ಯಾವ ಮಾತೂ ಬೇಡವಾಗಿರುತ್ತಿತ್ತು. "ಚಾಪೆ ಏನು ಚುಚ್ಚುತ್ತಾ? ಟೀಚರಮ್ಮಂಗೆ ಹಿಂದೆ ಮುಂದೆ ಯಾರೂ ಇಲ್ಲ, ಹಟ ಮಾಡ್ತಾರೆ. ನಾವು ಬಾಳೋರು. ಸುಮ್ನಿರು" ಎಂದಳು. ದೊಡ್ಡ ಹಿರಿಯರ ಮೇಲಿದ್ದ ತಿರಸ್ಕಾರದಲ್ಲಿ ಒಂದು ಪಾಲು ಅಂದು ಅಮ್ಮನಿಗೂ ಹೋಯಿತು. ಅವಳ ಜೊತೆ ಊಟಕ್ಕೆ ಕೂರಲಿಲ್ಲ.

ಚಳಿಗಾಲದಲ್ಲಿ ಟೀಚರಮ್ಮ ತೀರಿಕೊಂಡರು. ನಾವು ಚಾಪೆಯ ಮೇಲೇ ಇದ್ದೆವು. ಅವರ ಪೆಟ್ಟಿಗೆಯನ್ನು ದೊಡ್ಡ ಹಿರಿಯರು ತಮ್ಮ ಡಿಪೋದಲ್ಲೇ ಮಾಡಿಸಿ ಧರ್ಮಾರ್ಥ ಕೊಟ್ಟರು. ಒಳ್ಳೆಯ ತೇಗ, ಮೆರುಗು ಹಚ್ಚಿದ್ದು. ಬದುಕಿದ್ದಾಗ ಒಂದು ಬೆಂಚಿಗೆ ಸಿಗದ ಮರ ಸತ್ತ ಮೇಲೆ ಮಣ್ಣಿನಲ್ಲಿ ಹೂಳುವುದಕ್ಕೆ ಸಿಕ್ಕಿತು. ಜನ ಅದನ್ನು ಮುಟ್ಟಿ ಮುಟ್ಟಿ ನೋಡಿ, ಎಂಥ ಧಾರಾಳ ಮನಸ್ಸು ಎಂದರು. ಅಮ್ಮ ಮಾತ್ರ ಪೆಟ್ಟಿಗೆಯ ಮೇಲಿಟ್ಟ ಕೈ ತೆಗೆಯಲಿಲ್ಲ.

ಮುಂದಿನ ಭಾನುವಾರ ಅವರ ನೆನಪಿನ ಆರಾಧನೆ. ಪಾದ್ರಿ ಅಯ್ಯನವರ ಪ್ರಸಂಗವಾದ ಮೇಲೆ ದೊಡ್ಡ ಹಿರಿಯರು ಎದ್ದು ಮುಂದೆ ಹೋಗಿ ನಿಂತು ಗಂಟಲು ಸರಿಮಾಡಿಕೊಂಡರು. ಟೀಚರಮ್ಮನ ಹರಕೆ ಈ ಸಭೆಯ ಆಸ್ತಿ ಎಂದರು. ಅವರ ಜ್ಞಾಪಕಾರ್ಥವಾಗಿ, ಇಲ್ಲಿ ಬೆಂಚುಗಳು ಎಷ್ಟೇ ಬರಲಿ, ಹಿಂದಿನ ಚಾಪೆಯನ್ನು ಮಾತ್ರ ಎಂದೆಂದಿಗೂ ತೆಗೆಯಬಾರದೆಂದು ಹಿರಿಯರೆಲ್ಲ ತೀರ್ಮಾನಿಸಿದ್ದೇವೆ ಎಂದರು. ಬೆಂಚುಗಳಿಂದ "ಆಮೆನ್" ಎಂದು ಬಂತು. ನನಗೆ ಉಗುಳಬೇಕೆನಿಸಿತು, ಚರ್ಚಾದ್ದರಿಂದ ನುಂಗಿಕೊಂಡೆ.

ಅಮ್ಮ ಎದ್ದಳು. ಹೊರಗೆ ಹೋಗುತ್ತಾಳೆ ಎಂದುಕೊಂಡೆ. ಅವಳು ನನ್ನ ರಟ್ಟೆ ಹಿಡಿದು ಎಬ್ಬಿಸಿ, ನಡುವಿನ ದಾರಿಯಲ್ಲಿ ಬರಿಗಾಲಿನಲ್ಲಿ ನಡೆಸಿಕೊಂಡು ಹೋಗಿ, ದೊಡ್ಡ ಹಿರಿಯರ ಬೆಂಚಿನ ಹತ್ತಿರ ನಿಂತಳು. ಅವರ ಹೆಂಡತಿ ತುದಿಯಲ್ಲಿ ಕೂತಿದ್ದರು.

"ಸ್ವಲ್ಪ ಸರ್ಕೊಳಿ ಅಮ್ಮಾವ್ರೆ" ಎಂದಳು ಅಮ್ಮ.

"ಏನಿದು? ಏನಾಗಿದೆ ನಿಂಗೆ?"

"ಹರಕೆ ಹೊತ್ತಿದ್ದೋರು ಹೋದ್ರು. ನಾವ್ಯಾರೂ ಹೊತ್ತಿಲ್ಲ."

ಆ ಹೆಂಗಸು ಗಂಡನ ಮುಖ ನೋಡಿದರು. ನಮ್ಮ ಪಾದ್ರಿ ಅಯ್ಯನವರು ಪುಕ್ಕಲು ಮನುಷ್ಯ. ಗಲಾಟೆ ಆಗುತ್ತದೆ ಎನಿಸಿದ ಕೂಡಲೇ ಕೀರ್ತನೆ ಹೇಳಿಸಿಬಿಡುವುದು ಅವರ ಪದ್ಧತಿ. ಅಂದೂ ಹಾಗೇ ಮಾಡಿದರು. ಕೀರ್ತನೆ ಎಂದರೆ ಎಲ್ಲರೂ ಏಳಬೇಕು. ಬೆಂಚಿನವರೆಲ್ಲ ಎದ್ದು ನಿಂತು ಹಾಡುವಾಗ ನಾನು ತಿರುಗಿ ನೋಡಿದೆ. ಚಾಪೆಯವರು ಒಬ್ಬರ ಹಿಂದೆ ಒಬ್ಬರು ಬರುತ್ತಿದ್ದರು, ಮುದುಕಿಯರು, ಬಸುರಿಯರು, ನನ್ನ ತರಗತಿಯ ಹುಡುಗಿಯರು. ನಿಂತವರ ನಡುವೆ ಸಂದು ಸಿಕ್ಕಲ್ಲಿ ನುಗ್ಗಿ ನಿಂತುಕೊಂಡರು. ಹಾಡು ಮುಗಿದು ಕೂರುವಾಗ ಎಲ್ಲರೂ ಒತ್ತರಿಸಿಕೊಂಡು ಕೂತರು. ಕೆಲವರಿಗೆ ಜಾಗ ಸಾಲಲಿಲ್ಲ, ಅವರಲ್ಲಿ ದೊಡ್ಡ ಹಿರಿಯರೂ ಒಬ್ಬರು. ಅವರ ಜಾಗದಲ್ಲಿ ನಾನಿದ್ದೆ. ಖಾಲಿ ಇದ್ದದ್ದು ಚಾಪೆ ಒಂದೇ. ಅಲ್ಲಿಗೆ ಹೋಗಲು ಅವರಿಗೆ ಕಾಲು ಬರಲಿಲ್ಲ, ಆಶೀರ್ವಾದದವರೆಗೂ ಗೋಡೆ ಬದಿಯಲ್ಲಿ ನಿಂತಿದ್ದರು. ಅವರ ದೀನತೆಯನ್ನು ಯಾರೂ ಹೊಗಳಲಿಲ್ಲ.

ಬೆಂಚು ಗಟ್ಟಿಯಾಗಿತ್ತು, ಬೆನ್ನಿಗೆ ಒತ್ತುತ್ತಿತ್ತು. ನಾನು ಅತ್ತದ್ದು ಅದಕ್ಕಲ್ಲ. ಟೀಚರಮ್ಮ ಮೇಲಿನಿಂದ ಎಲ್ಲಾ ನೋಡಿರುತ್ತಾರೆ ಎಂದು ಅಮ್ಮ ಆಮೇಲೆ ಎಷ್ಟೋ ಸಲ ಹೇಳಿದಳು. ನನಗೆ ಆ ಸಮಾಧಾನ ಹತ್ತಲಿಲ್ಲ. ಹಿಂದಿನ ತಿಂಗಳು ಅವರು ಅದೇ ಬಾಗಿಲಲ್ಲಿ ನಡುಗುವ ಕಾಲಿನಲ್ಲಿ ನಿಂತಿದ್ದರು, ನಾವೆಲ್ಲ ಅವರ ಕಾಲ ಬುಡದಲ್ಲೇ ಕೂತಿದ್ದೆವು. ನಾವು ಅಂದೇ ಎದ್ದಿದ್ದರೂ ಇಷ್ಟೇ ಹೆಜ್ಜೆ ನಡೆಯಬೇಕಿತ್ತು.